ಕಂಡಿಕೆ ಕೇಳದ ಅಜ್ಜ

ಇಳಕಲ್ಲಿನ ನಮ್ಮ ಓಣಿಯಲ್ಲಿ ನನ್ನ ಅಣಕಕ್ಕೆ ಸಿಗದವರಿಲ್ಲ. ಹಾಲಿನವರು ಮೂಗಿನಿಂದ ಮಾತಾಡುವುದು, ಕಾಲೇಜಿನ ಪ್ರಾಚಾರ್ಯರು ‘ಶಿಸ್ತು’ ಅನ್ನುವಾಗ ಹಲ್ಲಿನ ಸೆಟ್ಟು ಸಡಿಲವಾಗುವುದು, ಹುಡುಗಿಯರೆದುರು ಬೆಂಗಳೂರಿನ ಕನ್ನಡ ಆಡಲು ಹೋಗಿ ನಾನೇ ತೊದಲುವುದು, ಎಲ್ಲವೂ ನನ್ನ ಸರಕು. ಆದರೆ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಅಜ್ಜನಿಗೆ.

ಅಜ್ಜ ನೇಕಾರ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತರೆ ಕೈಯ ಜೊತೆಗೆ ಬಾಯಿಯೂ ನಡೆಯುತ್ತಿತ್ತು. ಬೀಗರನ್ನು, ಸಾವಕಾರರನ್ನು, ನನ್ನ ತಲೆಗೂದಲನ್ನು ಬೈಯುತ್ತಲೇ ಒಂದು ಸೆರಗು ಮುಗಿಸುತ್ತಿದ್ದ. ಪಕ್ಕದಲ್ಲಿ ಆಯಿ, ಅಂದರೆ ನಮ್ಮಜ್ಜಿ, ಲಾಳಿಗೆ ಹಾಕುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುತ್ತ ಕೂತಿರುತ್ತಿದ್ದಳು. ಕಂಡಿಕೆ ಎನ್ನುತ್ತಾರೆ ಅವಕ್ಕೆ. ನಾನು ಮೊಬೈಲನ್ನು ಮಗ್ಗದ ಕಂಬಕ್ಕೆ ಕಟ್ಟಿ ಅಜ್ಜನ ಮಾತನ್ನೆಲ್ಲ ರೆಕಾರ್ಡ್ ಮಾಡಿದೆ. ಆಮೇಲೆ ಮೇಲಿನ ಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಅದೇ ಮಾತನ್ನು ಅಜ್ಜನ ದನಿಯಲ್ಲಿ ನಾನಾಡಿ, ಅದನ್ನೂ ರೆಕಾರ್ಡ್ ಮಾಡಿದೆ. ಮೊಬೈಲಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಕಂಪ್ಯೂಟರಿಗೆ ಸಾಗಿಸಿದೆ. ಅಲ್ಲಿ ಎರಡು ಫೋಲ್ಡರ್: ‘ಅಜ್ಜ’ ಮತ್ತು ‘ನಾನು’. ಹೋಲಿಸಿ ಕೇಳಲು ಸುಲಭವೆಂದು ಒಳಗಿನ ಫೈಲುಗಳಿಗೆ ಒಂದೇ ಹೆಸರು. ಇಲ್ಲಿಯೂ ‘ಬೀಗರು’, ಅಲ್ಲಿಯೂ ‘ಬೀಗರು’. ಆಗ ನನ್ನಂಥ ಶಾಣ್ಯಾ ಜಿಲ್ಲೆಯಲ್ಲೇ ಇಲ್ಲ ಅಂದುಕೊಂಡಿದ್ದೆ.

ಹೋದ ವರ್ಷ ಅಜ್ಜ ತೀರಿಕೊಂಡ. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಆಯಿ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಸಿಕೊಳ್ಳುತ್ತಿದ್ದಳು.

“ಹಚ್ಚಪಾ ನಿಮ್ಮಜ್ಜನ್ನ.”

ನಾನು ‘ಅಜ್ಜ’ ಫೋಲ್ಡರ್ ತೆರೆದು ಹಚ್ಚುತ್ತಿದ್ದೆ. ಅವನು ಬದುಕಿದ್ದಾಗ ಆಕೆ ಅವನ ಮಾತಿಗೆ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ.

ಕಂಪ್ಯೂಟರಿನ ಡಿಸ್ಕು ಸಣ್ಣದು, ನನ್ನ ವಿಡಿಯೋಗಳಿಂದಲೇ ತುಂಬಿಹೋಗಿತ್ತು. ಆಯಿ ಬಾಗಲಕೋಟೆಗೆ ನನ್ನ ಸೋದರತ್ತೆಯ ಮನೆಗೆ ಹೋದ ದಿನವೇ, ದೊಡ್ಡ ಡಿಸ್ಕು ಹಾಕಿಸಲು ಕಂಪ್ಯೂಟರನ್ನು ಹುನಗುಂದಕ್ಕೆ ಒಯ್ದೆ. ಅಲ್ಲಿ ನನ್ನ ಗೆಳೆಯನ ರಿಪೇರಿ ಅಂಗಡಿಯಿದೆ. ನನ್ನ ಪ್ರತಿ ಕಾರ್ಯಕ್ರಮಕ್ಕೂ ಮೈಕು ಹಿಡಿದು ಬರುವವನು, ಎಲ್ಲರಿಗಿಂತ ಮೊದಲು ನಗುವವನು ಅವನೇ.

“ಎಲ್ಲಾ ಹೊಸಾದಕ್ಕ ಹಾಕಿ ಕೊಡ್ತೇನಿ,” ಎಂದ.

“ಹಳೇ ಡಿಸ್ಕ್ ಅಳಿಸಬ್ಯಾಡಲೇ. ಅಜ್ಜ ಇದ್ದಾನ ಅದರಾಗ.”

“ನೀ ಕೇಳಿ ಹೂಂ ಅನ್ನೂತನಕ ಡ್ರಾದಾಗ ಇಟ್ಟಿರ್ತೇನಿ. ನನ್ನ ಮ್ಯಾಲ ನಂಬಿಕಿ ಇಲ್ಲೇನು?”

ಇತ್ತು. ಇದ್ದುದಕ್ಕೇ ಅಂದೇ ಸಂಜೆ ಮನೆಗೆ ತಂದವನು ಐದು ದಿನ ತೆರೆದೇ ನೋಡಲಿಲ್ಲ.

ಆಯಿ ವಾಪಸು ಬರುವ ದಿನ ಬೆಳಿಗ್ಗೆ ‘ಬೀಗರು’ ಹಚ್ಚಿದೆ. ದನಿ ಎಷ್ಟು ಸ್ವಚ್ಛ! ಹೊಸ ಡಿಸ್ಕಿಗೆ ಹೋಗಿ ಅಜ್ಜನ ಕೆಮ್ಮೂ ವಾಸಿಯಾಯಿತು ಅಂದುಕೊಂಡೆ. ಕೊನೆಯಲ್ಲಿ ಕಿಸಕ್ಕನೆ ಒಂದು ನಗು ಕೇಳಿತು. ಅದು ನನ್ನದು. ಎಲ್ಲ ಫೈಲುಗಳನ್ನೂ ಹಚ್ಚಿದೆ. ಎಲ್ಲವೂ ನಾನೇ.

ಗೆಳೆಯನಿಗೆ ಫೋನು ಮಾಡಿದೆ. “ಎರಡು ಫೋಲ್ಡರ್ ಇದ್ದುವಲ್ಲಲೇ?”

“ಒಂದ ಮಾಡೇನಿ. ಅದ ಹೆಸರು, ಅದ ಮಾತು. ಒಬ್ಬ ಅಜ್ಜಗ ಎರಡು ಮನಿ ಯಾಕ? ಯಾವ್ದು ಇಡಲಿ ಅಂತ ಕಂಪ್ಯೂಟರ್ ಕೇಳ್ತು. ಒಂದರಾಗ ಬರೇ ಮಗ್ಗದ ಗದ್ಲ. ಕ್ಲಿಯರ್ ಇದ್ದದ್ದನ್ನ ಇಟ್ಟೇನಿ.”

“ಗದ್ಲ ಇದ್ದದ್ದು ಅಜ್ಜಲೇ! ಕ್ಲಿಯರ್ ಇದ್ದದ್ದು ನಾ!”

“ಖರೇನ? ಹಂಗಾದ್ರ ಭಾರಿ ಮಾಡೀಯಲ್ಲೋ ಮಗನ!”

ನನ್ನ ಜೀವನದ ಅತಿ ದೊಡ್ಡ ಹೊಗಳಿಕೆ. ಕಪಾಳಕ್ಕೆ ಹೊಡೆದಂತಾಯಿತು.

“ಹಳೇ ಡಿಸ್ಕ್ ತಗೊಂಡು ಬರ್ತೇನಿ, ತಗದಿಡು.”

“ಅದು... ನೀ ಒಯ್ದ ಮರದಿನಾನ ಬಾದಾಮಿಗೆ ಹೋತಲೇ. ಒಂದು ಅಂಗಡಿಗೆ ಸಿಸಿ ಕ್ಯಾಮೆರಾ ಕೂಡ್ಸೋದಿತ್ತು, ಅದಕ್ಕೊಂದು ಡಿಸ್ಕ್ ಬೇಕಿತ್ತು, ಅವರು ಭಾಳ ಅವಸರ ಮಾಡಿದ್ರು. ನೀನೂ ಫೋನ್ ಮಾಡಲಿಲ್ಲ, ಎಲ್ಲಾ ಸರಿ ಐತಿ ಅಂದ್ಕೊಂಡೆ.”

ಅಳಿಸಿಯೇ ಹಾಕಿದ್ದ. ನಾಲ್ಕು ದಿನದಿಂದ ಅಜ್ಜನ ಮಾತಿನ ಮೇಲೆ ಯಾರದೋ ಅಂಗಡಿಯ ಬಾಗಿಲು ರೆಕಾರ್ಡ್ ಆಗುತ್ತಿತ್ತು. ಡ್ರಾದಲ್ಲಿ ಇಡುತ್ತೇನೆ ಎಂದವನು ಎರಡು ದಿನವೂ ಇಟ್ಟಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದು ಫೋನಿಟ್ಟೆ. ಬೈಗುಳವೂ ಅಜ್ಜನ ದನಿಯಲ್ಲೇ ಬಂತು, ಹಾಳಾದ ರೂಢಿ.

ಮಧ್ಯಾಹ್ನ ಆಯಿ ಬಂದಳು. ಉಂಡಳು, ಕುರ್ಚಿ ಹಾಕಿಸಿಕೊಂಡಳು. “ಐದ ದಿನಾತು. ಹಚ್ಚಪಾ.”

ಮೈಕು ಹಿಡಿಯುವವನೇ ಮೋಸ ಹೋಗಿದ್ದಾನೆ, ಒಂದು ಕ್ಷಣ ನಾನೂ ಹೋಗಿದ್ದೆ, ಆಕೆಯ ಕಿವಿಯೋ ಮಂದ. ಕೊನೆಯ ನಗು ಬರುವ ಮೊದಲೇ ನಿಲ್ಲಿಸಿದರಾಯಿತು ಎಂದು ಹಚ್ಚಿದೆ.

ಆಯಿ ಕೇಳಿದಳು. ತಲೆಯಾಡಿಸಲಿಲ್ಲ. ಮಾತು ಬೀಗರ ಮದುವೆ ದಾಟಿ ಅವರ ಎಮ್ಮೆಯವರೆಗೆ ಬಂದಿತ್ತು.

“ಇಷ್ಟೊತ್ತಾತು,” ಎಂದಳು, “ಒಂದ ಸಲಾನೂ ಕಂಡಿಕಿ ಬೇಡಲಿಲ್ಲಲ್ಲ?”

ಅಜ್ಜ ಯಾರನ್ನೇ ಬೈಯುತ್ತಿರಲಿ, ನಡುವೆ ನಿಲ್ಲಿಸಿ “ಕಂಡಿಕಿ ತಾ ಬೇ” ಅನ್ನುತ್ತಿದ್ದ. ಲಾಳಿಯಲ್ಲಿ ನೂಲು ಮುಗಿಯುತ್ತಿತ್ತಲ್ಲ. ಜನ ಅದಕ್ಕೆ ನಗುವುದಿಲ್ಲವೆಂದು ನಾನು ಅದನ್ನು ಬಿಟ್ಟಿದ್ದೆ. ಅಜ್ಜನ ಮಾತಿನಲ್ಲಿ ಆಯಿಯನ್ನು ಕರೆಯುವ ಮಾತು ಅದೊಂದೇ.

“ನೀ ಏನಲೇ ಇದು?”

ಎಲ್ಲ ಹೇಳಿದೆ. ಗೆಳೆಯ ಮಾತು ಕೊಟ್ಟು ಹೀಗೆ ಮಾಡಿದ, ಅವನ ಅಂಗಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದೆ.

“ಅಂವ ಗೊತ್ತಿಲ್ದ ಅಳಿಸ್ಯಾನ,” ಎಂದಳು ಆಯಿ. “ನೀ ಗೊತ್ತಿದ್ದು ಹಚ್ಚಿದಿ.”

ಕುರ್ಚಿಯನ್ನು ತಾನೇ ಎತ್ತಿ ಗೋಡೆಗೆ ಸರಿಸಿದಳು. ಎರಡು ಹೆಜ್ಜೆ ಹೋಗಿ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದಳು:

“ನಾ ಈಗ ಅಂದದ್ದನ್ನ ನಾಳಿ ಕಾಲೇಜಿನಾಗ ಮಾಡಿ ತೋರಸ್ಬ್ಯಾಡ.”