ಸಾಹೇಬರ ದನಿಯಲ್ಲಿ ಆರು ಪೀಪಾಯಿ ಎಣ್ಣೆ

ಅರವತ್ತರ ದಶಕದ ನಡುವಿನ ಮಾತು. ಅಹಮದಾಬಾದಿನ ಒಂದು ಬಟ್ಟೆ ಗಿರಣಿಯ ಉಗ್ರಾಣದಲ್ಲಿ ನಾನು ಗುಮಾಸ್ತನಾಗಿದ್ದೆ. ಗುಮಾಸ್ತ ಎಂದರೂ ಹೆಚ್ಚೇ. ಆರು ತಿಂಗಳು ನೋಡೋಣ ಎಂದು ಇಟ್ಟುಕೊಂಡಿದ್ದ ಪ್ರಾಣಿ. ಆರು ತಿಂಗಳು ತುಂಬಲು ಇನ್ನು ಹದಿನೈದು ದಿನವಿತ್ತು. ನನ್ನನ್ನು ಖಾಯಂ ಮಾಡುವುದೋ, ಮೈಸೂರಿಗೆ ವಾಪಸು ರೈಲು ಹತ್ತಿಸುವುದೋ ಎನ್ನುವುದು ಉಗ್ರಾಣದ ಸಾಹೇಬರ ಕೈಯಲ್ಲಿತ್ತು. ಅವರು ಧಾರವಾಡದವರು. ಪರವೂರಿನಲ್ಲಿ ಇಬ್ಬರು ಕನ್ನಡಿಗರು ಸಿಕ್ಕರೆ ಅಪ್ಪಿಕೊಳ್ಳುತ್ತಾರೆ ಅಂತ ಕೇಳಿದ್ದೆ. ನಾವು ಒಬ್ಬರ ಕನ್ನಡವನ್ನು ಇನ್ನೊಬ್ಬರು ತಿದ್ದುತ್ತಾ ಕೂತಿದ್ದೆವು.

ಗಿರಣಿಯಲ್ಲಿ ನನಗೆ ಹೆಸರಿದ್ದದ್ದು ಕೆಲಸಕ್ಕಲ್ಲ, ಅಣಕಕ್ಕೆ. ನೇಯ್ಗೆ ಮಾಸ್ತರರ ಸೀನು, ಗೇಟಿನವನ ಸಲಾಮು, ಗಾಳಿಗೆ ಹಗ್ಗದಿಂದ ಹಾರಿಬಂದ ಪೈಜಾಮದಂತಿದ್ದ ನನ್ನದೇ ನಡಿಗೆ, ಯಾವುದನ್ನೂ ಬಿಟ್ಟವನಲ್ಲ. ಎಲ್ಲಕ್ಕಿಂತ ಬೇಡಿಕೆಯಿದ್ದದ್ದು ಸಾಹೇಬರು ಎಣ್ಣೆ ಪರೀಕ್ಷಿಸುವ ಆಟಕ್ಕೆ. ಯಂತ್ರದ ಎಣ್ಣೆ ಕೊಳ್ಳುವ ಮುಂಚೆ ಅವರು ಮೂರು ಸಲ ಕೆಮ್ಮಿ, ಪೀಪಾಯಿಗೆ ಕಡ್ಡಿ ಅದ್ದಿ, ಹೆಬ್ಬೆರಳ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಕೈ ಓರೆ ಮಾಡುವರು. ಅದು ಜಾರುವ ತನಕ ಎಣಿಸುವರು. ಆಮೇಲೆ ಬೆರಳಲ್ಲಿ ತಿಕ್ಕಿ, ನಶ್ಯ ಏರಿಸುವವರಂತೆ ಮೂಸಿ, ಕೊನೆಗೆ ಬಿಳಿ ಬಟ್ಟೆಯ ಚೂರಿಗೆ ಹಚ್ಚಿ ಸಾಬೂನಿನಲ್ಲಿ ತೊಳೆಯುವರು. ಸೂರತ್‌ನ ಮಗ್ಗದವರಿಂದ ಕಲಿತದ್ದಂತೆ. "ಮಗ್ಗದ ಎಣ್ಣಿ ಅರಿವಿಗೆ ಹತ್ತಿದ್ರ ಹತ್ತಲಿ, ತೊಳದ್ರ ಹೋಗಬೇಕು. ಇಲ್ಲಂದ್ರ ಸೀರಿ ಉಟ್ಟಾಕಿ ನಮಗ ಶಾಪ ಹಾಕ್ತಾಳ" ಎನ್ನುತ್ತಿದ್ದರು. ನಾನು ಆ ಮಾತನ್ನೂ, ಆ ಮೂಸುವಿಕೆಯನ್ನೂ ನೂರು ಸಲ ಆಡಿ ತೋರಿಸಿದ್ದೆ.

ಒಂದು ಮಧ್ಯಾಹ್ನ ಸಾಹೇಬರು ಊಟಕ್ಕೆ ಹೋಗಿದ್ದಾಗ ಫೋನು ಬಡಿದುಕೊಂಡಿತು. ಎಣ್ಣೆ ವ್ಯಾಪಾರಿ. ಪಕ್ಕದ ಮೇಜಿನ ಇಬ್ಬರು ಗುಜರಾತಿ ಗುಮಾಸ್ತರು "ಸಾಹೇಬರ ಹಾಗೆ ಮಾತಾಡೋ!" ಎಂದು ಕಣ್ಣು ಹೊಡೆದರು. ಅಷ್ಟು ಸಾಕಿತ್ತು ನನಗೆ. ಮೂರು ಸಲ ಕೆಮ್ಮಿದೆ.

"ಸಾಹೇಬ್, ಮಗ್ಗಕ್ಕೆ ಆರು ಪೀಪಾಯಿ ಅಂದಿದ್ದಿರಿ. ಜಾಡು ಕೇ ಪಾತಳು?" ದಪ್ಪದ್ದೋ, ತೆಳುವೋ ಅಂತ ಕೇಳಿದ.

ಎರಡರಲ್ಲಿ ಯಾವುದು ಎಂದು ನನಗೆ ತಿಳಿದಿದ್ದರೆ ತಾನೇ! ಧಾರವಾಡದ ರಾಗದಲ್ಲಿ ಯಾವುದಕ್ಕೆ ಹೆಚ್ಚು ನಗು ಬೀಳುತ್ತದೆ ಎಂದಷ್ಟೇ ನೋಡಿ, "ಪಾತಳು, ಭಾಯಿ, ಪಾತಳು! ಇವತ್ತೇ ಕಳಿಸು!" ಎಂದೆ. ನಗು ಬಿತ್ತು. ಇದು ತಮಾಷೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಫೋನು ಇಟ್ಟಿದ್ದ.

ಸಂಜೆಗೆ ಆರು ಪೀಪಾಯಿ ಬಂದವು. ತೆಳು ಎಣ್ಣೆ ನೂಲುವ ಕದಿರುಗಳಿಗೆ. ಬಡಿದಾಡುವ ಮಗ್ಗಕ್ಕೆ ದಪ್ಪದ್ದೇ ಬೇಕು. ತೆಳುವನ್ನು ಮಗ್ಗಕ್ಕೆ ಬಿಟ್ಟರೆ ಸಿಡಿದು ಬಟ್ಟೆಗೆಲ್ಲ ಕಲೆ. ನಮ್ಮ ಕದಿರುಗಳಿಗೆ ವರ್ಷಕ್ಕಾಗುವಷ್ಟು ತೆಳು ಎಣ್ಣೆ ಆಗಲೇ ಉಗ್ರಾಣದಲ್ಲಿತ್ತು. ನೇಯ್ಗೆ ಮಾಸ್ತರರು ಒಂದು ಪೀಪಾಯಿಯ ಮುಚ್ಚಳ ತೆಗೆದು ನೋಡಿ ಸೀನಲಿಲ್ಲ, ಸಿಡಿದರು. ವ್ಯಾಪಾರಿ ವಾಪಸು ಒಲ್ಲೆ ಎಂದ: "ಖುದ್ದು ಸಾಹೇಬರ ಬಾಯಿಂದ ಕೇಳಿದ್ದೇನೆ."

ಸಾಹೇಬರ ಮುಂದೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ.

"ನನ್ಹಂಗ ಮಾತಾಡಿದ್ಯಾ?"

"ಹೌದು ಸಾರ್."

"ಮೂರು ಸಲ ಕೆಮ್ಮಿದ್ಯಾ?"

"ಕೆಮ್ಮಿದೆ ಸಾರ್."

"ಅದಕ್ಕ ನಂಬ್ಯಾನ." ಕನ್ನಡಕ ಒರೆಸಿದರು. "ಬರೋಡಾದಾಗ ಒಂದು ಗಿರಣಿ ಅದ. ಮಗ್ಗ ನಿಲ್ಲಿಸಿ ಈಗ ಬರೇ ನೂಲು ತಗೀತಾರ. ದಪ್ಪ ಎಣ್ಣಿ ಅವರಿಗೆ ಬ್ಯಾಡಾಗೇದ. ನಾಡಿದ್ದ ಹೋಗಿ ಅದಲು ಬದಲು ಮಾಡ್ಕೊಂಡ ಬಾ. ಆಗಲಿಲ್ಲಂದ್ರ ಬರೋಡಾದಿಂದನ ಮೈಸೂರಿಗೆ ಹೋಗು, ಇತ್ತ ಬರಬ್ಯಾಡ. ಮತ್ತ, ನಿನ್ನ ಬಾಯಿಲೆ ಕೇಳು. ನನ್ನ ಬಾಯಿಲೆ ಅಲ್ಲ."

ಅಹಮದಾಬಾದಿನ ಮಣಿನಗರ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿದೆ. ಪೀಪಾಯಿಗಳು ಲಾರಿಯಲ್ಲಿ ಹಿಂದೆ ಬರುತ್ತಿದ್ದವು. ದಾರಿಯುದ್ದಕ್ಕೂ ನನ್ನ ದನಿಯಲ್ಲಿ ಬೇಡಿಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಬಾಯಿ ತೆರೆದರೆ ಒಮ್ಮೆ ಮಾಸ್ತರರು ಬರುತ್ತಿದ್ದರು, ಒಮ್ಮೆ ಗೇಟಿನವನು. ನಾನು ಮಾತ್ರ ಬರಲೇ ಇಲ್ಲ. ಎದುರು ಕೂತಿದ್ದ ಅಜ್ಜಿ ತನ್ನ ಗಂಟನ್ನು ಮೆಲ್ಲನೆ ಆಚೆ ಸರಿಸಿಕೊಂಡಳು.

ಬರೋಡಾದ ಉಗ್ರಾಣದಲ್ಲಿ ಒಬ್ಬ ವಯಸ್ಸಾದ ಕಾಕಾ ಕೂತಿದ್ದರು. ನನ್ನ ಹೆಸರು ಕೇಳಿದ್ದೇ ತಡ, "ಆವೋ ಭಾಯಿ, ನಿನ್ನೆ ಫೋನಿನಲ್ಲಿ ಅತ್ತವರು ನೀವೇ ಅಲ್ಲವೇ!" ಎಂದರು.

"ನಾನಾ?"

"ಮತ್ತೆ ಯಾರು? 'ಎಟಲೇ, ಕಾಕಾ, ಎಟಲೇ, ನಾನು ಕತ್ತೆ, ಎಟಲೇ, ನಮ್ಮ ಸಾಹೇಬರು ದೇವರಂಥವರು' ಅಂತ! ನಡುನಡುವೆ ಮೇಕೆ ಕೆಮ್ಮಿದ ಹಾಗೆ ನಗು ಬೇರೆ. ಪಾಪ ಅನ್ನಿಸಿ ಒಪ್ಪಿಬಿಟ್ಟೆ."

ಗುಜರಾತಿಯಲ್ಲಿ ಮಾತು ಸಿಗದಾಗಲೆಲ್ಲ 'ಎಟಲೇ', ಅಂದರೆ 'ಅಂದರೆ', ಎಂದು ತುಂಬುವ ಚಾಳಿ ನನ್ನದೇ. ಆದರೆ ಫೋನು ಮಾಡಿದವನು ನಾನಲ್ಲ. ಸಾಹೇಬರನ್ನು ದೇವರು ಅಂದವನಂತೂ ಖಂಡಿತ ಅಲ್ಲ! ಯಾರೆಂದು ಹೊಳೆದು ಬೆವರಿದೆ.

ಕಾಕಾ ಎರಡು ಸಾಲು ಪೀಪಾಯಿ ತೋರಿಸಿದರು. "ಇದರಲ್ಲಿ ಒಂದು ಸಾಲು ಹೊಸದು, ಒಂದು ಬಳಸಿ ಸೋಸಿದ ಹಳೆಯದು. ಚೀಟಿಗಳು ಕಿತ್ತುಹೋಗಿವೆ. ಯಾವುದು ಅಂತ ನೀವೇ ಆರಿಸಿಕೊಳ್ಳಿ. ಆರಿಸಿದ ಮೇಲೆ ಮಾತಿಲ್ಲ."

ಎಣ್ಣೆಯ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಗೊತ್ತಿದ್ದದ್ದು ಸಾಹೇಬರು ಮಾತ್ರ. ಮೂರು ಸಲ ಕೆಮ್ಮಿದೆ. ಕಡ್ಡಿ ಅದ್ದಿದೆ. ಮೊದಲ ಸಾಲಿನ ತೊಟ್ಟು ಉಗುರಿನ ಮೇಲೆ ನಾಲ್ಕು ಎಣಿಸುವಷ್ಟರಲ್ಲಿ ಜಾರಿತು. ಮೂಸಿದರೆ ಸೀದ ಬಾಣಲೆ. ಎರಡನೆಯದು, ದಪ್ಪ ಎಣ್ಣೆ ಕೂರಬೇಕಾದ ಹಾಗೆ, ಒಂಬತ್ತರವರೆಗೆ ಕೂತಿತು. ಬಟ್ಟೆಯ ಚೂರಿಗೆ ಹಚ್ಚಿ ನಲ್ಲಿಯ ಕೆಳಗೆ ಸಾಬೂನು ಹಾಕಿ ತಿಕ್ಕಿದೆ. ಕಲೆ ಹೋಯಿತು. ಯಾರೂ ನಗಲಿಲ್ಲ. ನೂರು ಸಲ ಆಡಿದ ಆಟಕ್ಕೆ ನಗು ಬೀಳದಿದ್ದದ್ದು ಅದೊಂದೇ ಸಲ.

ಎರಡನೆಯ ಸಾಲನ್ನು ಲಾರಿಗೆ ಹೇರಿಸಿಕೊಂಡು ಬಂದೆ. ಮರುದಿನ ಸಾಹೇಬರು ಎಲ್ಲರ ಎದುರು ಉಗುರಿನ ಮೇಲೆ ತೊಟ್ಟು ಬಿಟ್ಟುಕೊಂಡು ಎಣಿಸಿದರು. ಒಂಬತ್ತು. ಬಟ್ಟೆ ತೊಳೆದರು. ನೇಯ್ಗೆ ಮಾಸ್ತರರು ತಲೆಯಾಡಿಸಿ ಪೀಪಾಯಿಗಳನ್ನು ಉರುಳಿಸಿಕೊಂಡು ಹೋದರು. ಸಾಹೇಬರು ಮೇಜಿನಿಂದ ಒಂದು ಕಾಗದ ತೆಗೆದು, ಸಹಿ ಹಾಕಿ, ನನ್ನ ಕೈಗಿಟ್ಟರು.

"ಎಟಲೇ, ಸಾರ್," ಎಂದರು, ಕತ್ತು ಓರೆ ಮಾಡಿ, ಥೇಟ್ ಮೈಸೂರಿನ ರಾಗದಲ್ಲಿ, "ಎಟಲೇ, ಖಾಯಂ ಆಗೋಯ್ತಲ್ಲ ಸಾರ್!" ಆಮೇಲೆ ಆ ಮೇಕೆಯ ನಗು.

ಇಡೀ ಉಗ್ರಾಣ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆದರೆ ಬಾಯಿ ಮುಚ್ಚಿಕೊಂಡು. ನನ್ನ ನಗು ಅಷ್ಟು ಕೆಟ್ಟದಾಗಿದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.