ಅರ್ಜಿಗಳು ಮಾಯವಾಗುತ್ತಿದ್ದ ವಾರ

ಫೋನ್ ಬಡಿದುಕೊಂಡರೆ ಸಾಕು, ಆ ವಾರ ಎತ್ತಲು ಹಿಂಜರಿಯುತ್ತಿದ್ದೆ. ಊರೂರಿಗೆ ಇಂಟರ್‌ನೆಟ್ ಅಂಗಡಿಗಳು ಬರುತ್ತಿದ್ದ ಕಾಲ. ಹಾಸನದ ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬಳೇ. ಸಂಸ್ಥೆಯ ಶಾಲೆಗಳಿಗೆ ಶಿಕ್ಷಕರು ಬೇಕೆಂದು ಮೊದಲ ಸಲ ಇಂಟರ್‌ನೆಟ್‌ನಲ್ಲಿ ಅರ್ಜಿ ಕರೆದಿದ್ದರು. ಅದರ ಪ್ರೋಗ್ರಾಂ ಬರೆದವಳೂ ನಾನೇ. ಬರೆದಾಗ ಸ್ವಲ್ಪ ಬೀಗಿದ್ದೂ ನಿಜ. ಈಗ ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ಎಲ್ಲ ಕಡೆಯಿಂದಲೂ ಒಂದೇ ದೂರು: ಎರಡು ಪುಟ ತುಂಬಿ ‘ಸಲ್ಲಿಸಿ’ ಎಂಬಲ್ಲಿ ಒತ್ತಿದರೆ ‘ಮತ್ತೆ ಲಾಗಿನ್ ಆಗಿ’ ಎಂದು ಬರುತ್ತದೆ, ತುಂಬಿದ್ದೆಲ್ಲ ಮಾಯ.

ಒಳಗೆ ಬಂದವರನ್ನು ಸರ್ವರ್ ಇಪ್ಪತ್ತು ನಿಮಿಷ ನೆನಪಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತು ಏನೂ ಒತ್ತದಿದ್ದರೆ ಎದ್ದು ಹೋದರು ಅಂದುಕೊಂಡು ಮರೆತುಬಿಡುತ್ತದೆ. ಆ ನೆನಪಿಗೆ ನಾವು ಸೆಷನ್ ಅನ್ನುತ್ತೇವೆ. ಎರಡು ಪುಟಕ್ಕೆ ಇಪ್ಪತ್ತು ನಿಮಿಷ ಧಾರಾಳ. ನಾನು ಎಂಟೇ ನಿಮಿಷದಲ್ಲಿ ತುಂಬಿದ್ದೆ. ಸರ್ವರ್ ತಾನಾಗಿ ನಿಂತು ಶುರುವಾಗುತ್ತಿದೆಯೇ ಎಂದು ನೋಡಿದೆ. ಇಲ್ಲ. ಸೆಷನ್ ಕಳೆದುಹೋದ ಹೊತ್ತುಗಳನ್ನು ಚೀಟಿಯಲ್ಲಿ ಬರೆದೆ: ಬುಧವಾರ ಹನ್ನೆರಡರಿಂದ ಒಂದೂವರೆ, ಗುರುವಾರ ಒಂದೂವರೆಯಿಂದ ಮೂರು. ದಿನಕ್ಕೊಂದು ಹೊತ್ತು. ಯಾರೋ ಬೇಕೆಂದೇ ಒಳನುಗ್ಗಿ ಆಟವಾಡುತ್ತಿದ್ದಾರೆ ಅನ್ನಿಸಿ ಸರ್ವರಿನ ಪಾಸ್‌ವರ್ಡ್ ಬದಲಿಸಿದೆ. “ಮಂಗಳವಾರ ಸಂಜೆ ಐದಕ್ಕೆ ಕೊನೆ. ಅಷ್ಟರಲ್ಲಿ ಸರಿ ಮಾಡಮ್ಮ, ಇಲ್ದಿದ್ರೆ ನೀನೇ ಉತ್ತರ ಹೇಳ್ಬೇಕಾಗುತ್ತೆ” ಎಂದು ಕಾರ್ಯದರ್ಶಿಗಳು ಬೇರೆ ಹೇಳಿದ್ದರು.

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ, ಹೆಚ್ಚು ದೂರು ಬರುತ್ತಿದ್ದ ಹೊಳೆನರಸೀಪುರದ ಅಂಗಡಿಗೇ ಹೋದೆ. ಹನ್ನೊಂದೂವರೆ ಇರಬೇಕು. ನಾಲ್ಕು ಕಂಪ್ಯೂಟರ್, ನಾಲ್ಕರಲ್ಲೂ ತುಂಬಿ ಮುಗಿದ ಅರ್ಜಿ, ಒಬ್ಬರೂ ಮೌಸ್ ಮುಟ್ಟುತ್ತಿಲ್ಲ. ಎಲ್ಲರೂ ಗೋಡೆ ಗಡಿಯಾರ ನೋಡುತ್ತ ಕೂತಿದ್ದಾರೆ.

“ಯಾಕೆ, ಯಾರೂ ಒತ್ತುತ್ತಿಲ್ಲ?” ಅಂದೆ.

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ರಾವುಕಾಲ ಅಲ್ವಾ ಮೇಡಂ? ತುಂಬಕ್ಕೇನು ತೊಂದ್ರೆ ಇಲ್ಲ. ಅನ್ನೆರಡು ಆಗ್ಲಿ, ಒತ್ತುತಾರೆ.”

ಅಂಗಡಿಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ರಾಹುಕಾಲದ ಪಟ್ಟಿಯೂ ನನ್ನ ಚೀಟಿಯೂ ಒಂದೇ ಆಗಿದ್ದವು. ಜೀವ ಬಂದಂತಾಗಿ ನಕ್ಕುಬಿಟ್ಟೆ. ಮೊದಲ ಕಂಪ್ಯೂಟರ್ ಮುಂದಿದ್ದ ಹೆಂಗಸು ನಗಲಿಲ್ಲ. ಹಳೇಕೋಟೆ ಕಡೆಯ ಶಾಲೆಯೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದವರು. ಹನ್ನೆರಡಕ್ಕೆ ಅವರು ಒತ್ತಿದರು, ತುಂಬಿದ್ದೆಲ್ಲ ಮಾಯ. ಮತ್ತೆ ತುಂಬೋಣ ಅಂದರೆ ಕರೆಂಟು ಹೋಯಿತು.

“ಇದು ಮೂರ್ನೇ ಸಲ ಮೇಡಂ. ಇನ್ನು ರಜ ಸಿಗೋದು ಮಂಗಳವಾರ ಮದ್ಯಾನ್ವೇ. ಈ ಸಲ ತಪ್ಪುದ್ರೆ ನಂಗೆ ವಯಸ್ಸು ಮೀರೋಯ್ತದೆ” ಅಂದರು.

“ಸೆಷನ್ ಎರಡು ಗಂಟೆ ಇರೋ ಹಾಗೆ ಮಾಡ್ತೀನಿ. ಮಂಗಳವಾರ ಮೂರರೊಳಗೆ ಹಾಕಿರ್ತೀನಿ. ಆಮೇಲೆ ನೀವು ಎಷ್ಟು ಹೊತ್ತು ಕಾದ್ರೂ ಏನೂ ಆಗಲ್ಲ.”

“ನಿಮ್ಮನ್ನೇ ನಂಬ್ಕೊಂಡಿದೀನಿ” ಅಂದರು.

ಇಪ್ಪತ್ತು ನಿಮಿಷವನ್ನು ಎರಡು ಗಂಟೆ ಮಾಡುವುದು ಸುಲಭ. ಆದರೆ ಒಬ್ಬರು ಎದ್ದು ಹೋದ ಮೇಲೂ ಅವರ ಅರ್ಜಿ ತೆರೆದೇ ಇದ್ದು, ಮುಂದೆ ಕೂತವರು ಅದರ ಮೇಲೇ ಬರೆದುಬಿಟ್ಟರೆ? ಅದಕ್ಕೊಂದು ತಡೆ ಬರೆದು, ಪರೀಕ್ಷಿಸಿ ಮುಗಿಸುವಾಗ ಮಂಗಳವಾರ ಮೂರು ಗಂಟೆ ಐದು ನಿಮಿಷ ಆಗಿತ್ತು. ಹೊಸದನ್ನು ಸರ್ವರಿಗೆ ಹಾಕಲು ಒಂದೇ ಕೀಲಿ ಒತ್ತಬೇಕಿತ್ತು.

ಬೆರಳು ಅಲ್ಲೇ ನಿಂತಿತು. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಹೊಳೆನರಸೀಪುರದಿಂದ ಬರುವಾಗ ದಾರಿಯುದ್ದಕ್ಕೂ ಆ ಜನರನ್ನು ನೆನೆದು ನಕ್ಕಿದ್ದವಳು ಈಗ ಕೀಲಿಯಿಂದ ಕೈ ಹಿಂದಕ್ಕೆ ತೆಗೆದುಕೊಂಡೆ. ಕೊನೆಯ ದಿನ ಇಂಥ ಹೊತ್ತಿನಲ್ಲಿ ಹಾಕಿ, ಸರ್ವರೇ ಮಕಾಡೆ ಮಲಗಿದರೆ? ಇನ್ನೊಂದು ಸಲ ಪರೀಕ್ಷಿಸೋಣ ಎಂದು ನನಗೆ ನಾನೇ ಹೇಳಿಕೊಂಡೆ. ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಇನ್ನೂ ಹಾಕಿಲ್ಲ ಎಂದು ಆ ಹೆಂಗಸಿಗೆ ತಿಳಿಸೋಣವೆಂದು ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿದ್ದದ್ದು ಒಂದೇ ಫೋನ್ ಲೈನು, ಇಂಟರ್‌ನೆಟ್ಟೂ ಅದರಲ್ಲೇ. ಎಂಗೇಜ್. ಹತ್ತು ನಿಮಿಷಕ್ಕೊಮ್ಮೆ ಮಾಡಿದೆ, ಎಂಗೇಜ್. ಗಡಿಯಾರ ನೋಡುತ್ತ ಕೂತೆ. ನಾಲ್ಕು ಮೂವತ್ತೊಂದಕ್ಕೆ ಕೀಲಿ ಒತ್ತಿದೆ. ಎಲ್ಲ ಸಲೀಸಾಗಿ ಆಯಿತು.

ಐದಕ್ಕೆ ಅರ್ಜಿ ಮುಚ್ಚಿತು. ಪಟ್ಟಿಯಲ್ಲಿ ಆ ಹೆಂಗಸಿನ ಹೆಸರು ಹುಡುಕಿದೆ, ಇರಲಿಲ್ಲ. ಮೂರೂಕಾಲಿಗೆ ಅವರು ಒಳಬಂದದ್ದು ದಾಖಲಾಗಿತ್ತು. ಆಗ ಸರ್ವರಿನಲ್ಲಿದ್ದದ್ದು ಹಳೆಯ ಇಪ್ಪತ್ತು ನಿಮಿಷವೇ; ನಾನು ಕೀಲಿ ಒತ್ತುವ ಹೊತ್ತಿಗೆ ಅದು ಅವರನ್ನು ಮರೆತಾಗಿತ್ತು. ನಾಲ್ಕು ಮೂವತ್ತೈದಕ್ಕೆ ಒತ್ತಿದ್ದೂ ಇತ್ತು. ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸಿದ್ದರು. ಅಷ್ಟರಲ್ಲಿ ಕಾದು ಕೂತಿದ್ದ ಎಲ್ಲ ಊರಿನವರೂ ಒಟ್ಟಿಗೆ ಒತ್ತುತ್ತಿದ್ದರು, ಪುಟವೇ ತೆರೆದಿರಲಿಲ್ಲ. ಕಾರ್ಯದರ್ಶಿಗಳ ಕೋಣೆಗೆ ಓಡಿ, ಒಂದೇ ಒಂದು ಅರ್ಜಿ ಸೇರಿಸಿಕೊಳ್ಳಿ ಎಂದು ಬೇಡಿಕೊಂಡೆ. ಯಾಕೆ ಎಂದರು. ಇಂಟರ್‌ನೆಟ್ ನಿಧಾನವಾಗಿತ್ತು ಸಾರ್ ಎಂದೆ. ಅದು ಎಲ್ಲರಿಗೂ ನಿಧಾನವೇ ಎಂದರು. ತಪ್ಪು ನನ್ನದು ಎಂದು ಹೇಳಿದ್ದರೆ ಸೇರಿಸಿಕೊಳ್ಳುತ್ತಿದ್ದರೋ ಏನೋ. ಕೆಲಸ ಹೋದೀತೆಂಬ ಹೆದರಿಕೆಗೆ ಬಾಯಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಆ ಹೆಂಗಸಿನದೇ ಫೋನ್ ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿಕೊಂಡೆ.

“ಬೇಜಾರ್ ಮಾಡ್ಕಬ್ಯಾಡಿ ಮೇಡಂ. ನಂಗೋಸ್ಕರ ಅಷ್ಟೊಂದು ಕಷ್ಟಪಟ್ರಿ. ಅಂಗಡಿ ಗಡಿಯಾರ ಮುಂದಿತ್ತೋ ಏನೋ, ರಾವುಕಾಲ ಮುಗ್ಯಕ್ ಮುಂಚೇನೇ ಒತ್ಬುಟ್ಟೆ ಅನ್ಸುತ್ತೆ. ಆತುರ ಬಿದ್ದೆ. ನಂದೇ ತಪ್ಪು.”

“ಇರಬಹುದು” ಅಂದುಬಿಟ್ಟೆ.