ನಿನ್ನ ಅಮ್ಮ ಹೇಳಿರಲಿಲ್ಲ

ನಿನ್ನ ಅಪ್ಪನಿಗೆ ಹೇಳಿದವನು ನಾನು, ಸುಪ್ರಿಯಾ. ನಿನ್ನ ಅಮ್ಮ ಅಲ್ಲ.

ನಾಲ್ಕು ವರ್ಷದ ಹಿಂದೆ ಡಿಯರ್‌ಬಾರ್ನ್‌ನಲ್ಲಿ, ಕಾಲೇಜಿನ ನನ್ನ ಕೋಣೆಗೆ ಬಂದು ನೀನು ಬಾಗಿಲು ಮುಚ್ಚಿದೆ. ಎಂಜಿನಿಯರಿಂಗ್ ಬಿಟ್ಟು ಶಿಕಾಗೊದಲ್ಲಿ ಕಿವುಡ ಮಕ್ಕಳಿಗೆ ಕಲಿಸುವ ಕೋರ್ಸಿಗೆ ಸೇರುತ್ತೇನೆ, ಶಿಫಾರಸು ಪತ್ರ ಬೇಕು ಎಂದೆ. ತರಗತಿಯಲ್ಲಿ ಸದಾ ಪ್ರೊಫೆಸರ್ ಎನ್ನುತ್ತಿದ್ದವಳು ಅಂದು ಮಾತ್ರ—"ಅಂಕಲ್, ಪ್ಲೀಸ್, ಅಪ್ಪಗ ಹೇಳಬ್ಯಾಡ್ರಿ. ಅಡ್ಮಿಷನ್ ಸಿಕ್ಕಮ್ಯಾಲ ನಾನ ಹೇಳ್ತೀನಿ. ಅಮ್ಮನ ಬಿಟ್ರ ನಿಮಗಷ್ಟ ಗೊತ್ತು."

ವಿದ್ಯಾರ್ಥಿಗಳು ಮೇಷ್ಟ್ರಿಂದ ಕೇಳುವುದಾದರೂ ಎಷ್ಟು? ಒಂದು ಪತ್ರ, ಒಂದು ಮುಚ್ಚಿದ ಬಾಯಿ. ಪತ್ರವನ್ನೇನೋ ಚೆನ್ನಾಗಿಯೇ ಬರೆದೆ.

ಆ ಶನಿವಾರ ನಾರ್ತ್‌ವಿಲ್‌ನ ನಿಮ್ಮ ಮನೆಯಲ್ಲಿ ಊಟ. ಮಗಳು ಕಾರ್ ಕಂಪನಿ ಸೇರುತ್ತಾಳೆಂದು ನಿನ್ನ ಅಪ್ಪ ಹಿಗ್ಗುತ್ತಾ ಹೋಳಿಗೆ ಬಡಿಸುತ್ತಿದ್ದರು. ನಾನು ಮೇಷ್ಟ್ರಾಗಿ ಉಳಿಯಲಿಲ್ಲ, ಅಂಕಲ್ ಆಗಿಬಿಟ್ಟೆ. ಸುಳ್ಳೇಕೆ—ನಿನ್ನ ವಿಷಯ ಅವರಿಗಿಂತ ನನಗೆ ಹೆಚ್ಚು ಗೊತ್ತೆಂಬ ದೊಡ್ಡಸ್ತಿಕೆಯೂ ಇತ್ತು. ಪಿಸುದನಿಯಲ್ಲಿ ಎಲ್ಲ ಹೇಳಿದೆ. ನನ್ನ ಹೆಸರು ಎತ್ತಬೇಡಿ ಎಂದೂ ಸೇರಿಸಿದೆ.

ಅವರು ಕೂಗಾಡಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ನನಗೆ ಇನ್ನಷ್ಟು ತುಪ್ಪ ಬಡಿಸಿದರು. ಆಗಲೇ ನನಗೆ ಭಯವಾಯಿತು.

ಸಂಜೆಯೇ ನಿನ್ನ ಕಾರಿನ ಕೀಲಿ ಕಿತ್ತುಕೊಂಡರಂತೆ. ನನ್ನ ಹೆಸರು ಮಾತ್ರ ಎತ್ತಲಿಲ್ಲ—ಅವರ ಬಾಯಿ ನನ್ನದಕ್ಕಿಂತ ಗಟ್ಟಿ. ಸೋಮವಾರ ತರಗತಿಯಲ್ಲಿ ನಿನ್ನ ಕುರ್ಚಿ ಖಾಲಿ. ಬುಧವಾರವೂ ಖಾಲಿ. ಶುಕ್ರವಾರ, ಮನೆ ಬಿಟ್ಟುಹೋಗಿದ್ದ ನಿನ್ನ ಫೋನ್ ಶಿಕಾಗೊದಿಂದ.

"ನೀವ ಹೇಳಿದ್ರೇನು?"

"ಇಲ್ಲಮ್ಮ. ನಾನ್ಯಾಕೆ ಹೇಳ್ಲಿ?"

"ಹಂಗಂದ್ರ ಅಮ್ಮನ ಹೇಳ್ಯಾಳ." ಆಗಲಾದರೂ ನಾನು—ಇಲ್ಲ, ಆಗಲೂ ಇಲ್ಲ.

ಅಂದಿನಿಂದ ನೀನು ಅಮ್ಮನ ಜೊತೆ ಮಾತಾಡಿಲ್ಲ. ಇವತ್ತು ಬೆಳಗ್ಗೆ ನಾನು ನಿನ್ನನ್ನು ನೋಡಲು ಶಿಕಾಗೊಗೆ ಹೊರಟಾಗ ಅವರು ಚಕ್ಕುಲಿ ಡಬ್ಬಿ ಹಿಡಿದು ಬಂದರು. "ಸರ, ಆಕಿ ನಿಮ್ಮನ್ನಷ್ಟ ನಂಬ್ತಾಳ. ನಾ ಹೇಳಿಲ್ಲಂತ ನೀವರ ಹೇಳ್ರಿ." ಡಬ್ಬಿ ಇನ್ನೂ ಬಿಸಿಯಿತ್ತು. ತಲೆಯಾಡಿಸಿ ತೆಗೆದುಕೊಂಡೆ. ಅವರ ಮುಖ ನೋಡಲಾಗಲಿಲ್ಲ.

ಈಗ ಶಿಕಾಗೊದ ಡೆವನ್ ಅವೆನ್ಯೂನಲ್ಲಿ, ನೀನು ಇಳಿಯುವ ಬಸ್ ನಿಲ್ದಾಣದ ಬಳಿ ಕಾರು ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. ನಿನ್ನೆದುರು ಬಾಯಿ ಬಿಡುತ್ತೇನೆಂಬ ನಂಬಿಕೆ ನನಗಿಲ್ಲ. ಅದೋ, ನೀನು ಬಸ್ಸಿಳಿದೆ, ನನ್ನನ್ನು ಕಂಡು ನಗುತ್ತಾ ಕೈಬೀಸುತ್ತಿದ್ದೀಯ.

ಮೊದಲು ಈ ಕಾಗದ ಕೊಡುತ್ತೇನೆ. ಡಬ್ಬಿ ಆಮೇಲೆ—ಆಗಲೂ ನೀನು ಇಲ್ಲೇ ನಿಂತಿದ್ದರೆ.